ಕಂಪನಿಯ ಪರವಾಗಿ ವಾಕ್ ಸ್ವಾತಂತ್ರ್ಯದ ಅರ್ಜಿ ರೂಪಿಸುವ ಬಗೆ

ಕಂಪನಿಯೊಂದರ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಿದೆಯೆಂದು ರಿಟ್ ಅರ್ಜಿ (ಮೂಲಭೂತ ಹಕ್ಕಿನ ರಕ್ಷಣೆ ಕೋರಿ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಸಲ್ಲಿಸುವ ಅರ್ಜಿ) ಸಿದ್ಧಪಡಿಸುವವರು ಮೊದಲು ಅರ್ಜಿದಾರರು ಯಾರೆಂಬುದನ್ನು ನೋಡಬೇಕು. ಸಂವಿಧಾನದ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದ ಹಕ್ಕು ಇರುವುದು ನಾಗರಿಕರಿಗೆ. ಕಂಪನಿ ನಾಗರಿಕನಲ್ಲವೆಂದು ಸುಪ್ರೀಂ ಕೋರ್ಟ್ 1963ರಲ್ಲಿಯೇ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಕಂಪನಿಯ ಜೊತೆಗೆ ಭಾರತೀಯ ಷೇರುದಾರರೊಬ್ಬರನ್ನೂ, ಪತ್ರಿಕೆಯಾದರೆ ಸಂಪಾದಕರನ್ನೂ ಸಹ-ಅರ್ಜಿದಾರರನ್ನಾಗಿ ಸೇರಿಸಿ, ನಿರ್ಬಂಧದಿಂದ ಅವರ ಸ್ವಂತ ಮಾತಿಗೆ ಹೇಗೆ ಕತ್ತರಿ ಬಿದ್ದಿತೆಂಬುದನ್ನು ಬಿಡಿಸಿ ಬರೆಯಿರಿ. ಇದು ಬಳಸುದಾರಿಯೇ ಸರಿ. ಆದರೂ ಕಂಪನಿಗೆ ಮನುಷ್ಯರಷ್ಟೇ ಹಕ್ಕು ಕೊಡುವುದಕ್ಕಿಂತ ಲೇಸೆಂದು ನನಗೆ ಅನಿಸುತ್ತದೆ. ಪತ್ರಿಕೆಗಳಿಗೆ 10 ಪುಟಗಳ ಮಿತಿ ಹಾಕಿದ್ದ ಕೇಂದ್ರ ಸರ್ಕಾರದ ಮುದ್ರಣ ಕಾಗದ ನೀತಿ 1972ರಲ್ಲಿ, ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ ಪ್ರಕಾಶಕ ಕಂಪನಿಯಾದ ಬೆನೆಟ್ ಕೋಲ್ಮನ್‌ನ ಪ್ರಕರಣದಲ್ಲಿ ಬಿದ್ದುಹೋದದ್ದು ಈ ದಾರಿಯಿಂದಲೇ. ಜಾಹೀರಾತಿನ ಪ್ರಶ್ನೆಯಾದರೆ ವಾಣಿಜ್ಯ ಜಾಹೀರಾತೂ ವಾಕ್ ಸ್ವಾತಂತ್ರ್ಯದ ಭಾಗವೆಂದ ಸುಪ್ರೀಂ ಕೋರ್ಟಿನ 1995ರ ಟಾಟಾ ಪ್ರೆಸ್ ತೀರ್ಪನ್ನು ಆಧರಿಸಬಹುದು. ದಾರಿತಪ್ಪಿಸುವ ಜಾಹೀರಾತಿಗೆ ಮಾತ್ರ ಅದು ಆಸರೆಯಾಗದು.