ಝಳ, ನಿದ್ದೆ, ಮೂಳೆ: ಮುಟ್ಟು ನಿಲ್ಲುವ ಕಾಲಕ್ಕೆ ನಾನು ಮಾಡಿಕೊಂಡ ಏರ್ಪಾಡು

ವಾಕಿಂಗ್ ಮಾಡಿದರೆ ಮೈ ಝಳ ನಿಲ್ಲುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಟ್ಟು ನಿಲ್ಲುವ ವಯಸ್ಸಿನ ತೊಂದರೆ ಅಂತ ಬಾಯಿ ಬಿಟ್ಟರೆ ಸಾಕು, ಎಲ್ಲರೂ ಕೊಡುವ ಸಲಹೆ ಅದೊಂದೇ. ನಾನೂ ವಾಕಿಂಗ್ ಮಾಡುತ್ತೇನೆ, ಬಿಡುವ ಯೋಚನೆಯೂ ಇಲ್ಲ. ಆದರೆ ಅದರಿಂದ ಸಿಗುವ ಲಾಭ ಬೇರೆ. ಯಾವ ತೊಂದರೆಗೆ ಯಾವ ಅಭ್ಯಾಸ ಅಂತ ಬಿಡಿಬಿಡಿಯಾಗಿ ನೋಡತೊಡಗಿದ ಮೇಲೆಯೇ ನನಗೆ ಇದು ನಿಭಾಯಿಸುವಂಥದ್ದು ಅನ್ನಿಸಿದ್ದು.

ನಾನು ದಾವಣಗೆರೆಯಲ್ಲಿ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂರುವವಳು. 46ರ ಹೊತ್ತಿಗೆ ಮುಟ್ಟು ಏರುಪೇರಾಗಲು ಶುರುವಾಯಿತು. ಒಂದು ತಿಂಗಳು ಬಂದರೆ ಎರಡು ತಿಂಗಳು ಸುದ್ದಿಯಿಲ್ಲ. ಬಂದಾಗ ಮಾತ್ರ ವಿಪರೀತ. ವಯಸ್ಸು ಇನ್ನೂ ಆಗಿಲ್ಲವಲ್ಲ ಅಂದುಕೊಳ್ಳುವವರಿಗೆ ಒಂದು ಮಾತು: ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ಕ್ಕೇ ಮುಟ್ಟು ನಿಲ್ಲುತ್ತದೆ. ಅಮೆರಿಕದಲ್ಲಿ ಅದು 51ರ ಆಸುಪಾಸು. ಸತತ 12 ತಿಂಗಳು ಮುಟ್ಟಾಗದಿದ್ದರೆ ಆಗ ನಿಂತಿತು ಅಂತ ಲೆಕ್ಕ, ಮೆನೋಪಾಸ್ ಅನ್ನುವುದು ಇದನ್ನೇ. ಅದಕ್ಕೆ ಮುಂಚಿನ ಈ ಏರುಪೇರಿನ ಕಾಲವೇ ಹಲವರಿಗೆ ನಾಲ್ಕೈದು ವರ್ಷ ಎಳೆಯುತ್ತದೆ. ಝಳ, ನಿದ್ದೆಗೇಡು, ಸಿಡುಕು ಶುರುವಾಗುವುದೂ ಆಗಲೇ.

ಝಳ ಅಂದರೆ ಹೇಗೆ ಅಂತ ಬಾರದವರಿಗೆ ಹೇಳುವುದು ಕಷ್ಟ. ನೋಟಿನ ಕಟ್ಟು ಮೆಷಿನ್ನಿಗೆ ಹಾಕಿರುತ್ತೇನೆ, ಎದೆಯಿಂದ ಒಂದು ಬಿಸಿ ಎದ್ದು ಕುತ್ತಿಗೆ, ಕಿವಿ, ಮುಖಕ್ಕೆ ಏರುತ್ತದೆ. ಬೆನ್ನು ಒದ್ದೆ. ಎದೆ ಡಬಡಬ. ಸ್ವಲ್ಪ ಹೊತ್ತಿಗೆ ಚಳಿ. ಎದುರಿಗಿದ್ದ ಒಬ್ಬ ಹಿರಿಯರು, 'ಯಾಕ್ರಿ ಮೇಡಂ, ಬಿ.ಪಿ. ಏನಾರ ಐತೇನ್ರಿ? ನೀರು ಕುಡೀರಿ' ಅಂದಿದ್ದರು. ಬಿ.ಪಿ. ಸರಿಯಾಗೇ ಇತ್ತು. ಮೈಯ ಬಿಸಿಯನ್ನು ಹದದಲ್ಲಿಡುವ ಭಾಗ ಮಿದುಳಿನಲ್ಲಿದೆ. ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಇಳಿದಾಗ ಅದು ಅತಿ ಸೂಕ್ಷ್ಮವಾಗುತ್ತದೆ. ಮೈ ಬಿಸಿ ಒಂಚೂರು ಏರಿದರೂ, ಕೆಟ್ಟ ಥರ್ಮೋಸ್ಟಾಟಿನ ಹಾಗೆ, ಬೆಂಕಿಯೇ ಬಿದ್ದಿದೆ ಎಂದುಕೊಂಡು ರಕ್ತನಾಳ ಹಿಗ್ಗಿಸಿ ಬೆವರು ಸುರಿಸುತ್ತದೆ. ಸಾಮಾನ್ಯವಾಗಿ ಒಂದರಿಂದ ಐದು ನಿಮಿಷದ ಆಟ ಅದು.

ಅಭ್ಯಾಸ ಬದಲಿಸುವ ಮೊದಲು ಡಾಕ್ಟರ ಹತ್ತಿರ ಹೋದೆ. ಥೈರಾಯ್ಡ್ ಕೆಟ್ಟರೂ ಹೀಗೇ ಬೆವರು, ಎದೆಬಡಿತ, ಸುಸ್ತು ಬರುತ್ತದೆ. ಹಾಗಾಗಿ ಅದನ್ನು ನೋಡದೆ ಎಲ್ಲವನ್ನೂ ಮೆನೋಪಾಸ್ ತಲೆಗೆ ಕಟ್ಟುವುದು ಸರಿಯಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಶುಗರ್ ನೋಡಿದರು. ರಕ್ತಸ್ರಾವ ಜಾಸ್ತಿ ಇದ್ದಿದ್ದರಿಂದ ಸ್ಕ್ಯಾನಿಂಗ್ ಮಾಡಿಸಿದರು. ರಕ್ತ ಕಡಿಮೆ ಇತ್ತು ಅನ್ನುವುದು ಬಿಟ್ಟರೆ ಬೇರೇನೂ ಸಿಗಲಿಲ್ಲ. ಕಬ್ಬಿಣದ ಮಾತ್ರೆ ತೆಗೆದುಕೊಂಡ ಮೇಲೆ ಮೆಟ್ಟಿಲು ಹತ್ತುವಾಗಿನ ಏದುಸಿರು ಹೋಯಿತು. ಅದನ್ನೂ ನಾನು ಮೆನೋಪಾಸ್ ಲೆಕ್ಕಕ್ಕೇ ಹಾಕಿಬಿಡುತ್ತಿದ್ದೆನೇನೋ.

ಈ ಹೊತ್ತಿಗೆ ನೆಂಟರಲ್ಲಿ ಒಬ್ಬರು, 'ಸುಮ್ನೆ ಗರ್ಭಕೋಶ ತೆಗೆಸಿಬಿಡು, ತಲೆನೋವೇ ಇರಲ್ಲ' ಅಂದರು. ಈ ಮಾತು ನಮ್ಮ ಕಡೆ ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲಿ ಬಡ ಹೆಂಗಸರಿಗೆ ಬೇಡದಿದ್ದರೂ ಗರ್ಭಕೋಶ ತೆಗೆದಿದ್ದಾರೆ ಅಂತ ಹೋರಾಟವೇ ನಡೆದಿತ್ತು. ಕೆಲವು ಕಾಯಿಲೆಗೆ ಆಪರೇಷನ್ ಬೇಕೇ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಅದರ ಜೊತೆ ಎರಡೂ ಅಂಡಾಶಯ ತೆಗೆದರೆ ಈ ತೊಂದರೆ ತಪ್ಪುವುದಿಲ್ಲ. ನಿಧಾನಕ್ಕೆ ಬರಬೇಕಾದ್ದು ಒಂದೇ ದಿನಕ್ಕೆ ಬಂದು ಕೂರುತ್ತದೆ. ಇನ್ನೂ ಜೋರಾಗಿ.

ಈಗ ಝಳದ ವಿಷಯ. ಹಳೇ ಡೈರಿಯೊಂದರಲ್ಲಿ ಝಳ ಬಂದ ಹೊತ್ತು, ಅದಕ್ಕೆ ಮುಂಚೆ ಏನು ತಿಂದೆ, ಏನು ಉಟ್ಟಿದ್ದೆ, ಮನಸ್ಸು ಹೇಗಿತ್ತು ಅಂತ ಒಂದೊಂದು ಸಾಲು ಬರೆಯತೊಡಗಿದೆ. ನಾಲ್ಕು ವಿಷಯ ಮತ್ತೆ ಮತ್ತೆ ಕಂಡವು. ಸಂಜೆಯ ಮಂಡಕ್ಕಿ ಮೆಣಸಿನಕಾಯಿ. ಕುದಿಕುದಿ ಕಾಫಿ. ಸಿಂಥೆಟಿಕ್ ಸೀರೆಯ ದಿನ. ಮತ್ತೆ, ಸಂಜೆ ಕ್ಯಾಷ್ ತಾಳೆಯಾಗದ ದಿನ. ಕೊನೆಯದನ್ನು ನಾನೇನೂ ಮಾಡುವ ಹಾಗಿಲ್ಲ. ಮಿಕ್ಕ ಮೂರನ್ನು ಬದಲಿಸಿದೆ. ಕೆಲಸಕ್ಕೆ ಹತ್ತಿ ಸೀರೆ, ಹತ್ತಿ ರವಿಕೆ ಮಾತ್ರ. ಕಾಫಿ ಆರಿಸಿ, ಅರ್ಧ ಲೋಟ. ಮಧ್ಯಾಹ್ನದ ಮೇಲೆ ಮಜ್ಜಿಗೆ. ಕೌಂಟರಿನ ಒಳಗೆ ಒಂದು ಪುಟ್ಟ ಟೇಬಲ್ ಫ್ಯಾನ್. ಮಂಡಕ್ಕಿ ಮೆಣಸಿನಕಾಯಿ ಪೂರ್ತಿ ಬಿಟ್ಟಿಲ್ಲ. ದಾವಣಗೆರೆಯಲ್ಲಿದ್ದುಕೊಂಡು ಅದನ್ನು ಬಿಡಿ ಅಂದರೆ ಹೇಗೆ? ಭಾನುವಾರಕ್ಕೆ ಇಟ್ಟುಕೊಂಡಿದ್ದೇನೆ, ಝಳ ಬಂದರೆ ಮನೆಯಲ್ಲೇ ಇರುತ್ತೇನಲ್ಲ.

ಇಲ್ಲೊಂದು ಸತ್ಯ ಹೇಳಬೇಕು. 2023ರಲ್ಲಿ ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿಯ ತಜ್ಞರು ಹಾರ್ಮೋನ್ ಇಲ್ಲದ ಉಪಾಯಗಳನ್ನೆಲ್ಲ ತೂಗಿ ನೋಡಿದರು. ವ್ಯಾಯಾಮ, ಯೋಗ, ಸೋಯಾ, ಮೈ ತಂಪಾಗಿಡುವುದು, ಖಾರ-ಕಾಫಿ ಬಿಡುವುದು ಇವುಗಳಿಂದ ಝಳ ಕಡಿಮೆಯಾಗುತ್ತದೆ ಅನ್ನಲು ಸಾಕಷ್ಟು ಆಧಾರ ಇಲ್ಲ ಅಂದರು. ತೂಕ ಇಳಿಸುವುದಕ್ಕೆ, ಯೋಚನೆಯ ರೀತಿಯನ್ನೇ ಬದಲಿಸುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಗೆ, ಹಿಪ್ನಾಸಿಸ್‌ಗೆ, ಹಾರ್ಮೋನ್ ಅಲ್ಲದ ಕೆಲವು ಔಷಧಿಗಳಿಗೆ ಹೌದು ಅಂದರು. ನನ್ನ ಡೈರಿ ನನ್ನ ಮೈಯ ಕಥೆ ಹೇಳುತ್ತದೆ, ನಿಮ್ಮದಲ್ಲ. ನಿಮಗೆ ಮೆಣಸಿನಕಾಯಿ ಏನೂ ಮಾಡದಿದ್ದರೆ ಧಾರಾಳವಾಗಿ ತಿನ್ನಿ.

ಆ ಥೆರಪಿಗೆ ನಾನು ಹೋಗಲಿಲ್ಲ. ಆದರೆ ಅದರ ಹುರುಳು ತಿಳಿದುಕೊಂಡೆ. ಝಳ ಬಂದ ತಕ್ಷಣ 'ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಏನೋ ಆಗಿಬಿಡುತ್ತದೆ' ಅಂದುಕೊಂಡರೆ ಎದೆಬಡಿತ ಇನ್ನೂ ಏರುತ್ತದೆ. ಈಗ ಕರ್ಚೀಫಿನಲ್ಲಿ ಮುಖ ಒರೆಸಿಕೊಂಡು, 'ಎರಡು ನಿಮಿಷ ಇರಿ' ಅಂತ ಗ್ರಾಹಕರಿಗೆ ಹೇಳಿ, ಉಸಿರು ನಿಧಾನ ಮಾಡಿ ಕೂರುತ್ತೇನೆ. ಝಳ ಬರುವುದು ತಪ್ಪಲಿಲ್ಲ, ಅದರ ಹೆದರಿಕೆ ಹೋಯಿತು. ನನಗೆ ಅರ್ಧ ಕಷ್ಟ ಕೊಡುತ್ತಿದ್ದದ್ದು ಹೆದರಿಕೆಯೇ.

ಅಭ್ಯಾಸ ಬದಲಿಸಿ ಅತಿ ಹೆಚ್ಚು ಲಾಭ ಸಿಕ್ಕಿದ್ದು ನಿದ್ದೆಯಲ್ಲಿ. ರಾತ್ರಿ ಮೂರಕ್ಕೆ ಬೆವರಿ ಏಳುವುದು, ಆಮೇಲೆ ಬೆಳಗಿನ ತನಕ ಮಾಡು ನೋಡುವುದು. ಮಾರನೇ ದಿನ ಎಲ್ಲರ ಮೇಲೂ ಹರಿಹಾಯುವುದು. ಮೊದಲು ಹಾಸಿಗೆ ಸರಿಮಾಡಿದೆ. ದಪ್ಪ ರಗ್ಗು ಹೋಯಿತು, ಎರಡು ತೆಳು ಹತ್ತಿ ಹೊದಿಕೆ ಬಂದವು. ಬೇಕೆಂದಾಗ ಒಂದನ್ನು ಸರಿಸಿದರಾಯಿತು. ಯಜಮಾನರಿಗೆ ಡಿಸೆಂಬರಿನಲ್ಲಿ ಫ್ಯಾನ್ ಹಾಕಿದರೆ ನಡುಕ, ನನಗೆ ಹಾಕದಿದ್ದರೆ ಉರಿ. ಅವರಿಗೆ ಬೇರೆ ರಗ್ಗು, ನನ್ನ ಕಡೆಗೆ ತಿರುಗಿಸಿದ ಟೇಬಲ್ ಫ್ಯಾನ್ ಅಂತ ರಾಜಿಯಾಯಿತು. ದಿಂಬಿನ ಪಕ್ಕ ಇನ್ನೊಂದು ನೈಟಿ ಇಟ್ಟುಕೊಂಡೇ ಮಲಗುತ್ತೇನೆ. ಒದ್ದೆಯಾದರೆ ಬೀರು ತೆಗೆದು, ಲೈಟ್ ಹಾಕಿ, ಪೂರ್ತಿ ಎಚ್ಚರವಾಗುವ ರಗಳೆ ಇಲ್ಲ.

ಅದಕ್ಕಿಂತ ಮುಖ್ಯವಾದದ್ದು ಏಳುವ ಹೊತ್ತು. ರಾತ್ರಿ ಎಷ್ಟೇ ಕೆಟ್ಟದಾಗಿ ಕಳೆದರೂ ಬೆಳಿಗ್ಗೆ ಐದೂವರೆಗೆ ಏಳುವುದು, ಭಾನುವಾರವೂ ಅಷ್ಟೇ. ಮಧ್ಯಾಹ್ನದ ನಿದ್ದೆ ಬಿಟ್ಟೆ. ಮೂರು ಗಂಟೆಯ ಮೇಲೆ ಕಾಫಿ-ಟೀ ಇಲ್ಲ. ಊಟ ಎಂಟರೊಳಗೆ. ಫೋನ್ ಹಾಲ್‌ನಲ್ಲಿ ಚಾರ್ಜಿಗೆ. ನಡುರಾತ್ರಿ ಎಚ್ಚರವಾಗಿ ನಿದ್ದೆ ಹತ್ತದಿದ್ದರೆ ಹೊರಳಾಡುತ್ತಾ ಮಲಗಿರುವುದಿಲ್ಲ. ಎದ್ದು ಹಾಲ್‌ನಲ್ಲಿ ಕೂತು, ಮಂದ ಬೆಳಕಿನಲ್ಲಿ ಹುರಳಿ ಆರಿಸುವುದೋ, ಬಟ್ಟೆ ಮಡಚುವುದೋ ಮಾಡುತ್ತೇನೆ. ಕಣ್ಣು ಎಳೆದಾಗ ವಾಪಸ್. ಗಡಿಯಾರ ನೋಡುವುದಿಲ್ಲ. ಮೊದಲ ಕೆಲವು ವಾರ ಹಗಲೆಲ್ಲ ತೂಕಡಿಕೆ, ಬಿಟ್ಟುಬಿಡೋಣ ಅನ್ನಿಸಿತು. ಆಮೇಲೆ ನಿದ್ದೆ ಒಂದು ಹದಕ್ಕೆ ಬಂತು. ನಿದ್ದೆ ಬಂದ ಮೇಲೆ ಸಿಡುಕೂ ಇಳಿಯಿತು. ಬೆಳಗಿನ ವಾಕಿಂಗ್ ಕೆಲಸಕ್ಕೆ ಬಂದಿದ್ದು ಇಲ್ಲಿ: ನಡೆದ ದಿನ ನಿದ್ದೆ ಬೇಗ ಹತ್ತುತ್ತದೆ, ಮನಸ್ಸೂ ಹಗುರ.

ಮೂಳೆಯ ವಿಷಯಕ್ಕೆ ನನ್ನನ್ನು ತಂದದ್ದು ಅವ್ವ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಝಳ ತಾನಾಗೇ ಗೊತ್ತಾಗುತ್ತದೆ, ಮೂಳೆ ಸವೆಯುವುದು ಮುರಿಯುವ ತನಕ ಗೊತ್ತಾಗುವುದಿಲ್ಲ. ಮುಟ್ಟು ನಿಂತ ಮೇಲಿನ ಐದರಿಂದ ಏಳು ವರ್ಷದಲ್ಲಿ ಕೆಲವರಿಗೆ ಮೂಳೆಯ ಗಟ್ಟಿತನ ಶೇ. 20ರವರೆಗೆ ಇಳಿಯಬಹುದು. ತಾಯಿಗೆ ಮುರಿದಿದೆ ಅಂದ ತಕ್ಷಣ ಡಾಕ್ಟರು ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟರು. ಅದರಲ್ಲಿ ಟಿ-ಸ್ಕೋರ್ ಅಂತ ಬರುತ್ತದೆ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಸವೆತ ಶುರುವಾಗಿದೆ ಅಂತ, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ನನ್ನದು ಶುರುವಿನ ಹಂತ.

ಮುಟ್ಟು ನಿಂತ ಮೇಲೆ ದಿನಕ್ಕೆ 1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಕ್ಯಾಷಿಯರ್ ಅಲ್ವಾ, ಲೆಕ್ಕ ಹಾಕದೆ ಬಿಡಲಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇದೆ. ಒಂದು ಮಧ್ಯಮ ಮುದ್ದೆಗೆ ಹತ್ತಿರ ಹತ್ತಿರ 250. ಒಂದು ದೊಡ್ಡ ಲೋಟ ಹಾಲಿಗೆ 240ರಷ್ಟು, ಒಂದು ಬಟ್ಟಲು ಮೊಸರಿಗೆ 180. ಸಿಪ್ಪೆ ಸಮೇತ ಕರಿ ಎಳ್ಳಿನ ಚಟ್ನಿಪುಡಿ ಎರಡು ಚಮಚ ಹಾಕಿಕೊಂಡರೆ ಇನ್ನೂ ನೂರರ ಮೇಲೆ. ನುಗ್ಗೆ ಸೊಪ್ಪಿನ ಪಲ್ಯ, ಹುರಳಿ ಸಾರು ಸೇರಿದರೆ ಸಾವಿರದ ಹತ್ತಿರ ಬರುತ್ತದೆ. ಪಾಲಕ್ಕಿನಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಅದರಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಉಳಿದ ಕೊರತೆಗೆ ಡಾಕ್ಟರು ಒಂದು ಮಾತ್ರೆ ಕೊಟ್ಟರು. ಬೆಳಿಗ್ಗೆಯಿಂದ ಸಂಜೆ ತನಕ ಬ್ಯಾಂಕಿನೊಳಗೆ ಇರುವವರಿಗೆ ಬಿಸಿಲೆಲ್ಲಿ? ವಿಟಮಿನ್ ಡಿ ತೀರಾ ಕಡಿಮೆ ಇತ್ತು, ಅದಕ್ಕೂ ಅಳತೆ ಹೇಳಿ ಬರೆದುಕೊಟ್ಟರು. ಇದನ್ನು ಅವರಿವರು ಹೇಳಿದರು ಅಂತ ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ, ಜಾಸ್ತಿಯಾದರೂ ತೊಂದರೆಯೇ.

ತಿಂದಿದ್ದಷ್ಟೇ ಸಾಲದು, ಮೂಳೆಗೆ ಭಾರ ಬೀಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು. ಎರಡನೆಯದನ್ನು ನಾವು ಹೆಂಗಸರು ಕಿವಿಗೇ ಹಾಕಿಕೊಳ್ಳುವುದಿಲ್ಲ. ಶುರುವಿಗೆ ಮನೆಯಲ್ಲೇ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ನೀರಿನ ಬಾಟಲಿ ಹಿಡಿದು ಕೈ ಎತ್ತುವುದು. ಆಮೇಲೆ ಹತ್ತಿರದ ಜಿಮ್ಮಿನ ಲೇಡೀಸ್ ಬ್ಯಾಚ್ ಸೇರಿದೆ. ನಾದಿನಿ ಫೋನಿನಲ್ಲಿ ನಕ್ಕಳು: 'ಅತ್ತಿಗೆ, ಈ ವಯಸ್ನಾಗೆ ಪೈಲ್ವಾನ್ ಆಗ್ತೀರೇನ್ರಿ?' ಗರಡಿಮನೆಗಳ ಊರಿನವಳು, ಆದರೇನಂತೆ ಅಂದೆ. ಈಗ ಅವಳೂ ಡಂಬೆಲ್ ತಂದಿಟ್ಟುಕೊಂಡಿದ್ದಾಳೆ, ಎತ್ತುತ್ತಾಳೋ ಗೊತ್ತಿಲ್ಲ.

ಹೊಟ್ಟೆಯ ಸುತ್ತ ಕೂರುವ ಬೊಜ್ಜಿಗೆ ನಾನು ಉಪವಾಸ ಮಾಡಲಿಲ್ಲ. ಅನ್ನ ಅರ್ಧ ಮಾಡಿ ಆ ಜಾಗಕ್ಕೆ ಕಾಳು, ಮೊಟ್ಟೆ, ಮೊಸರು ತಂದೆ. ತೂಕ ನಿಧಾನಕ್ಕೆ ಇಳಿಯಿತು. ಅಷ್ಟೇ.

ಯಾರೂ ಬಾಯಿ ಬಿಡದ ಇನ್ನೊಂದಿದೆ. ಸೀನಿದರೆ ಹನಿ ಮೂತ್ರ ಹೋಗುವುದು, ಕೆಳಗೆ ಒಣಗಿ ಉರಿಯಾಗುವುದು, ಗಂಡನ ಜೊತೆ ಸೇರುವುದೇ ಬೇಡ ಅನ್ನಿಸುವುದು. ಮೊದಲನೆಯದಕ್ಕೆ ಕೀಗಲ್ ಕಸರತ್ತು ನಿಜವಾಗಿ ಕೆಲಸ ಮಾಡುತ್ತದೆ. ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು, ಕೌಂಟರಿನಲ್ಲಿ ಕೂತೇ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ. ಆದರೆ ಒಣಗುವುದಕ್ಕೆ ಊಟ, ವ್ಯಾಯಾಮ ಯಾವುದೂ ಮದ್ದಲ್ಲ. ಡಾಕ್ಟರು ಕೊಟ್ಟ ಈಸ್ಟ್ರೋಜನ್ ಕ್ರೀಮಿನಿಂದ ಸರಿಹೋಯಿತು. ಝಳ ಕಾಲ ಕಳೆದ ಹಾಗೆ ಇಳಿಯುತ್ತದೆ, ಇದು ಹಾಗಲ್ಲ, ಬಿಟ್ಟಷ್ಟೂ ಜಾಸ್ತಿಯಾಗುತ್ತದೆ. ನಾಚಿಕೊಂಡು ಕೂತರೆ ನಷ್ಟ ನಮಗೇ.

ಹಾರ್ಮೋನ್ ಮಾತ್ರೆ ನಾನು ತೆಗೆದುಕೊಂಡಿಲ್ಲ, ನನ್ನ ಝಳ ತಡೆಯುವಷ್ಟರಲ್ಲೇ ಇತ್ತು. ನಮ್ಮ ಬ್ರಾಂಚಿನ ಗೆಳತಿಯೊಬ್ಬಳಿಗೆ ಹಾಗಿರಲಿಲ್ಲ. ದಿನಕ್ಕೆ ಹತ್ತಾರು ಸಲ ಬಂದು ಕೆಲಸವನ್ನೇ ಬಿಡುವ ಮಟ್ಟಕ್ಕೆ ಹೋಗಿದ್ದಳು. ಆದರೂ ಹಾರ್ಮೋನ್ ಮಾತ್ರೆ ಅಂದರೆ 'ಕ್ಯಾನ್ಸರ್ ಬರುತ್ತಂತೆ' ಅಂತ ಹೆದರಿದ್ದಳು. ಆ ಹೆದರಿಕೆ ಹಬ್ಬಿದ್ದು 2002ರಲ್ಲಿ, ಅಮೆರಿಕದ ಒಂದು ದೊಡ್ಡ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದಾಗ. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63 ಅನ್ನುವುದು ಹೆಚ್ಚಿನವರ ಕಿವಿಗೆ ಬೀಳಲಿಲ್ಲ. 60ರ ಒಳಗಿನವರಿಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷ ದಾಟದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ ಅಪಾಯಕ್ಕಿಂತ ಲಾಭವೇ ಹೆಚ್ಚು ಅಂತ ಈಗ ತಜ್ಞರು ಹೇಳುತ್ತಾರೆ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಅದು ಆಗದು. ಗೆಳತಿ ಪರೀಕ್ಷೆ ಮಾಡಿಸಿ ಶುರುಮಾಡಿದಳು, ಇನ್ನೂ ಕೆಲಸದಲ್ಲಿದ್ದಾಳೆ. ಮಾತ್ರೆ ಇಲ್ಲದೆ ನಿಭಾಯಿಸಿದೆ ಅಂತ ನನಗೇನೂ ಹೆಚ್ಚುಗಾರಿಕೆ ಇಲ್ಲ.

ನನಗೆ ಮುಟ್ಟು ನಿಂತು ಈಗ ವರ್ಷ ದಾಟಿದೆ. ಝಳ ಬೇಸಿಗೆಯಲ್ಲಿ ಇನ್ನೂ ಬರುತ್ತದೆ. ಡೈರಿ ಬರೆಯುವುದು ನಿಲ್ಲಿಸಿದ್ದೇನೆ, ಜಿಮ್ ನಿಲ್ಲಿಸಿಲ್ಲ. ಹೀಗೆ ವರ್ಷ ದಾಟಿದ ಮೇಲೆ ಒಂದು ಹನಿ ರಕ್ತ ಕಂಡರೂ, 'ಮತ್ತೆ ಮುಟ್ಟು ಬಂತು' ಅಂತ ಸುಮ್ಮನಿರದೆ ಆ ವಾರದಲ್ಲೇ ಡಾಕ್ಟರ ಹತ್ತಿರ ಹೋಗಿ. ಹೆಚ್ಚಿನ ಸಲ ಸಣ್ಣ ಕಾರಣವೇ ಇರುತ್ತದೆ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಮೊದಲು ತೋರಿಸಿಕೊಳ್ಳುವುದು ಹೀಗೆಯೇ, ಮತ್ತು ಆ ಹಂತದಲ್ಲಿ ಸಿಕ್ಕರೆ ಅದನ್ನು ಗುಣಪಡಿಸಬಹುದು.