ಅನ್, ಇನ್, ಡಿಸ್: ಯಾವ ಪದಕ್ಕೆ ಯಾವ 'ಇಲ್ಲ'?

ಜುಲೈ ತಿಂಗಳಲ್ಲಿ ಮಲೆನಾಡಿನ ಮಳೆ ಸುದ್ದಿ ಇಂಗ್ಲಿಷ್ ಪತ್ರಿಕೆಯಲ್ಲಿ ಬಂತು ಅಂದರೆ ಮೂರು ಪದ ಹೆಚ್ಚುಕಡಿಮೆ ಗ್ಯಾರಂಟಿ. ಮಳೆ ಇನ್‌ಸೆಸೆಂಟ್, ಗದ್ದೆಗಳು ಇನಂಡೇಟೆಡ್, ರಸ್ತೆ ಇಂಪಾಸಬಲ್. ಮೂರೂ ಶುರುವಾಗುವುದು ಒಂದೇ ಥರ. ಆದರೆ 'ಇಲ್ಲ' ಅನ್ನುವ ಅರ್ಥ ಇರುವುದು ಎರಡರಲ್ಲಿ ಮಾತ್ರ. ಇನ್‌ಸೆಸೆಂಟ್ ಅಂದರೆ ನಿಲ್ಲದ, ಒಂದೇ ಸಮನೆ ಹೊಡೆಯುವ. ಸೀಸ್‌ಫೈರ್ ಅನ್ನುತ್ತೇವಲ್ಲ, ಅದರ 'ಸೀಸ್' ಈ ಪದದ ನೆಂಟ. ಇಂಪಾಸಬಲ್ ಅಂದರೆ ದಾಟಲಾಗದ. ಇನಂಡೇಟೆಡ್ ಮಾತ್ರ ಬೇರೆ. ಅಲ್ಲಿನ ಇನ್‌ಗೆ 'ಒಳಗೆ, ಮೇಲೆ' ಎಂಬ ಅರ್ಥ. ಲ್ಯಾಟಿನ್‌ನಲ್ಲಿ ಉಂಡ ಅಂದರೆ ಅಲೆ. ಗದ್ದೆ ಮೇಲೆ ನೀರು ನಿಂತಿದೆ, ಅಷ್ಟೇ.

ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವವರು ವಿರುದ್ಧ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಪಟ್ಟಿಯಲ್ಲಿಲ್ಲದ ಪದ ಬಂದರೆ ಕೈ ನಿಲ್ಲುತ್ತದೆ. ಪಟ್ಟಿ ಬೇಡ ಅಂತಲ್ಲ. ಆದರೆ ಪದವನ್ನು ಬಿಚ್ಚಿ ನೋಡುವ ಕ್ರಮ ಗೊತ್ತಿದ್ದರೆ ಅರ್ಧ ಪಟ್ಟಿ ತಾನಾಗಿಯೇ ಕಟ್ಟಿಕೊಳ್ಳುತ್ತದೆ.

ಮೊದಲು ತಲೆ ಮುಚ್ಚಿ

ಪದದ ತಲೆ, ಅಂದರೆ ಮೊದಲ ಎರಡು ಅಕ್ಷರದ ಮೇಲೆ ಬೆರಳಿಡಿ. ಡಿಸ್, ಮಿಸ್, ನಾನ್ ಆದರೆ ಮೂರು. ಉಳಿದದ್ದು ಒಂದು ಪದವೇ? ಇಂಪಾಸಿಬಲ್‌ನಲ್ಲಿ ಪಾಸಿಬಲ್ ಉಳಿಯುತ್ತದೆ, ಸರಿ. ಇನಂಡೇಟ್‌ನಲ್ಲಿ ಉಳಿಯುವುದಕ್ಕೆ ಅರ್ಥವೇ ಇಲ್ಲ. ಅಂಥ ಪದವನ್ನು ಒಡೆಯಲು ಹೋಗದೆ ಇಡಿಯಾಗಿ ಕಲಿಯಬೇಕು.

ಉಳಿದದ್ದು ಪದವಾದರೂ ಕೆಲವು ಕೈಕೊಡುತ್ತವೆ. ಘಾಟಿಯಲ್ಲಿ ಪೆಟ್ರೋಲ್ ಟ್ಯಾಂಕರ್ ಹಿಂದೆ ಸಿಕ್ಕಿಕೊಂಡವರು ಅದರ ಬೆನ್ನ ಮೇಲೆ 'ಹೈಲಿ ಇನ್‌ಫ್ಲೇಮಬಲ್' ಅಂತ ಓದಿಯೇ ಇರುತ್ತೀರಿ. ಉರಿಯುವುದಿಲ್ಲ ಅಂತಲ್ಲ, ಬೇಗ ಹೊತ್ತಿಕೊಳ್ಳುತ್ತದೆ ಅಂತ. ಅದು ಇನ್‌ಫ್ಲೇಮ್, ಅಂದರೆ ಹೊತ್ತಿಸು ಎಂಬ ಕ್ರಿಯಾಪದದಿಂದ ಬಂದದ್ದು. ಇದನ್ನು ಉಲ್ಟಾ ಅರ್ಥ ಮಾಡಿಕೊಂಡರೆ ಜೀವಕ್ಕೇ ಕುತ್ತು ಅಂತ 1920ರ ದಶಕದಲ್ಲೇ ಅಮೆರಿಕದ ಅಗ್ನಿ ಸುರಕ್ಷತೆಯವರು 'ಫ್ಲೇಮಬಲ್' ಎಂದೇ ಬರೆಯಿರಿ ಎಂದು ಒತ್ತಾಯಿಸಿದರು. ಎರಡಕ್ಕೂ ಒಂದೇ ಅರ್ಥ. ಉರಿಯದ್ದು ಬೇಕಿದ್ದರೆ ನಾನ್‌ಫ್ಲೇಮಬಲ್.

ಇನ್‌ವ್ಯಾಲ್ಯುಯಬಲ್ ಅಂದರೆ ಬೆಲೆ ಇಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಮರ ಹತ್ತಿ ಅಡಿಕೆ ಕೊನೆ ತೆಗೆಯುವವರ ಕೆಲಸ ಇನ್‌ವ್ಯಾಲ್ಯುಯಬಲ್. ಇನ್‌ಫಮಸ್ ಅಂದರೆ ಹೆಸರಿಲ್ಲದವನಲ್ಲ, ಕೆಟ್ಟ ಹೆಸರಿನವನು. ಇನ್‌ಡಿಫರೆಂಟ್ ಅಂದರೆ ಬೇರೆಯಲ್ಲದ್ದು ಅಂತ ಬರೆಯಬೇಡಿ. ಏನಾದರೂ ತನಗೇನು ಅನ್ನುವವನು ಇನ್‌ಡಿಫರೆಂಟ್.

ಯಾವ ಮನೆಯ ಪದ?

ಒಂದು 'ಇಲ್ಲ'ಕ್ಕೆ ಇಷ್ಟು ತಲೆಗಳು ಯಾಕೆ ಅಂತ ಕೇಳುವವರಿದ್ದಾರೆ. ನಮ್ಮಲ್ಲೂ ಹಾಗೇ ಅಲ್ವಾ? ಅಸತ್ಯ, ಅನರ್ಹ ಅನ್ನುತ್ತೇವೆ. ಬೇಜವಾಬ್ದಾರಿ, ನಾಲಾಯಕ್, ಗೈರುಹಾಜರಿ ಅನ್ನುತ್ತೇವೆ. ಯಾರೂ ಅಜವಾಬ್ದಾರಿ ಅಂತಲೋ ಬೇಸತ್ಯ ಅಂತಲೋ ಹೇಳುವುದಿಲ್ಲ. ಸಂಸ್ಕೃತದಿಂದ ಬಂದ ಪದ ಸಂಸ್ಕೃತದ ತಲೆಯನ್ನು, ಪಾರಸಿ, ಅರಬ್ಬಿಯಿಂದ ಬಂದದ್ದು ಆ ಕಡೆಯ ತಲೆಯನ್ನು ಜೊತೆಗೇ ತಂದಿದೆ. ಸೊರಬ, ಸಾಗರದ ರೈತರ ಬಾಯಲ್ಲಿ ದಿನಾ ಬರುವ ಬಗರ್‌ಹುಕುಂ ಕೂಡ ಅಂಥದ್ದೇ. ಬಗರ್ ಅಂದರೆ ಇಲ್ಲದೆ, ಹುಕುಂ ಅಂದರೆ ಆದೇಶ. ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮ ಮಾಡಿಸುವ ಫಾರಂ 50, 53, 57ರ ಮಾತು ಬಂದಾಗ ಇಂಗ್ಲಿಷ್‌ನಲ್ಲಿ ಅದೇ 'ಅನ್‌ಆಥರೈಸ್ಡ್' ಆಗುತ್ತದೆ.

ಇಂಗ್ಲಿಷ್‌ನದೂ ಇದೇ ಲೆಕ್ಕ. ಅನ್ ಅದರ ಸ್ವಂತ ಆಸ್ತಿ, ಇನ್ ಲ್ಯಾಟಿನ್‌ನಿಂದ ಬಂದದ್ದು. ನಂಬು ಎಂಬುದಕ್ಕೆ ಬಿಲೀವ್ ಅಪ್ಪಟ ಇಂಗ್ಲಿಷ್ ಪದ, ಹಾಗಾಗಿ ಅನ್‌ಬಿಲೀವಬಲ್. ಅದೇ ಅರ್ಥದ ಲ್ಯಾಟಿನ್ ಮೂಲದ ಪದ ಇನ್‌ಕ್ರೆಡಿಬಲ್. ಈಟಬಲ್‌ಗೆ ಅನ್, ಎಡಿಬಲ್‌ಗೆ ಇನ್. ಮಳೆಗಾಲದಲ್ಲಿ ಕಾಡಿನಲ್ಲಿ ಏಳುವ ವಿಷದ ಅಣಬೆ ಇನ್‌ಎಡಿಬಲ್. ಉಪ್ಪು ಜಾಸ್ತಿಯಾದ ಸಾರು ಅನ್‌ಈಟಬಲ್. ಮೊದಲನೆಯದು ತಿನ್ನುವ ವಸ್ತುವೇ ಅಲ್ಲ, ಎರಡನೆಯದು ಬಾಯಿಗಿಡಲಾಗದ್ದು. ರೀಡಬಲ್‌ಗೆ ಅನ್, ಲೆಜಿಬಲ್‌ಗೆ ಇಲ್. ಡಾಕ್ಟರ ಚೀಟಿಯ ಅಕ್ಷರ ಇಲ್ಲೆಜಿಬಲ್. ಅಕ್ಷರ ಸ್ಪಷ್ಟವಿದ್ದೂ ನಾಲ್ಕು ಪುಟ ದಾಟಲಾಗದ ಕಾದಂಬರಿ ಅನ್‌ರೀಡಬಲ್.

ಮೂಲ ಹುಡುಕಲು ಯಾರಿಗೆ ಪುರುಸೊತ್ತು ಅನ್ನುವವರಿಗೆ ಒಂದು ಅಡ್ಡದಾರಿ ಇದೆ. ಪದದ ಕೊನೆ ನೋಡಿ. ಈಡಿ ಅಥವಾ ಐಎನ್‌ಜಿಯಿಂದ ಮುಗಿಯುವ ಗುಣವಾಚಕಕ್ಕೆ ಹೆಚ್ಚಿನ ಪಾಲು ಅನ್ ಸರಿ. ಅನ್‌ಪೇಯ್ಡ್‌ನಂಥ ಪದಗಳೂ ಇದೇ ಗುಂಪಿಗೆ. ಕಂಪ್ಲೀಟ್‌ಗೆ ಇನ್‌ಕಂಪ್ಲೀಟ್, ಆದರೆ ಫಿನಿಶ್ಡ್‌ಗೆ ಅನ್‌ಫಿನಿಶ್ಡ್. ಡಿಸೈಸಿವ್‌ಗೆ ಇನ್‌ಡಿಸೈಸಿವ್, ಆದರೆ ಡಿಸೈಡೆಡ್‌ಗೆ ಅನ್‌ಡಿಸೈಡೆಡ್. ಪರೀಕ್ಷೆಯಲ್ಲಿ ಇಷ್ಟು ಗೊತ್ತಿದ್ದರೂ ಬಹಳ ಉಪಕಾರ.

ಅಂದಹಾಗೆ ನಮ್ಮ ಅನರ್ಹದ 'ಅನ್', ಇಂಗ್ಲಿಷಿನ ಅನ್, ಲ್ಯಾಟಿನ್ನಿನ ಇನ್, ಈ ಮೂರೂ ಸಾವಿರಾರು ವರ್ಷ ಹಿಂದಿನ ಒಂದೇ ಮೂಲದಿಂದ ಕವಲೊಡೆದವು.

ಇನ್ ಯಾಕೆ ಇಮ್ ಆಗುತ್ತದೆ?

ಕನ್ನಡ ಓದಲು ಬರುವವರಿಗೆ ಇದು ಸುಲಭ. ತಂದೆ, ಕಂಬ ಎರಡರಲ್ಲೂ ಬರೆಯುವುದು ಒಂದೇ ಸೊನ್ನೆ. ತಂದೆಯಲ್ಲಿ ಅದು ನ್, ಕಂಬದಲ್ಲಿ ಮ್. ಬ ಹೇಳಲು ತುಟಿ ಮುಚ್ಚಲೇಬೇಕು, ಹಾಗಾಗಿ ಸೊನ್ನೆಯೂ ತುಟಿಗೆ ಬರುತ್ತದೆ. ಪ, ಬ, ಮ ಮುಂದಿದ್ದರೆ ಇನ್ ಕೂಡ ಇಮ್ ಆಗುತ್ತದೆ. ಇಂಪಾಸಿಬಲ್, ಇಂಬ್ಯಾಲೆನ್ಸ್, ಇಮ್ಮೆಚೂರ್. ಎಲ್ ಮುಂದಿದ್ದರೆ ಇಲ್, ಆರ್ ಮುಂದಿದ್ದರೆ ಇರ್. ಇಲ್ಲೀಗಲ್, ಇರ್ರೆಗ್ಯುಲರ್. ಅನ್‌ಗೆ ಈ ಚಾಳಿ ಇಲ್ಲ. ಅನ್‌ಪೇಯ್ಡ್, ಅನ್‌ಲಕ್ಕಿ, ಅನ್‌ರಿಯಲ್ ಅಂತ ಇದ್ದ ಹಾಗೇ ಇರುತ್ತದೆ.

ಕ್ರಿಯಾಪದಕ್ಕೆ ಬಂದಾಗ

ಇಲ್ಲಿ ಅನ್‌ನ ಕೆಲಸವೇ ಬೇರೆ. ಲಾಕ್, ಟೈ, ಲೋಡ್ ಇವುಗಳ ಹಿಂದೆ ಬಂದರೆ ಅದು 'ಇಲ್ಲ' ಅನ್ನುವುದಿಲ್ಲ, ಮಾಡಿದ್ದನ್ನು ವಾಪಸ್ ಮಾಡು ಅನ್ನುತ್ತದೆ. ಮಂಡಿ ಮುಂದೆ ಅಡಿಕೆ ಮೂಟೆ ಅನ್‌ಲೋಡ್ ಆಗಬೇಕಾದರೆ ಮೊದಲು ಲಾರಿಗೆ ಏರಿರಬೇಕು. ಅಸಲಿಗೆ ಈ ಅನ್‌ನ ಹುಟ್ಟೇ ಬೇರೆ, ಹಳೆಯ ಇಂಗ್ಲಿಷಿನಲ್ಲಿ ಎರಡೂ ಕಲಸಿಹೋಗಿ ಒಂದೇ ರೂಪ ಉಳಿಯಿತು. ಇದರಿಂದ ಒಂದು ಗೊಂದಲ ಇವತ್ತಿಗೂ ಇದೆ. ಅನ್‌ಪ್ಯಾಕ್ಡ್ ಅಂತ ಚೀಟಿಯಲ್ಲಿ ಬರೆದರೆ ಸರಕನ್ನು ಇನ್ನೂ ಪ್ಯಾಕ್ ಮಾಡಿಲ್ಲವೋ, ಪ್ಯಾಕ್ ಬಿಚ್ಚಿದ್ದಾರೋ? ಪದ ಹೇಳುವುದಿಲ್ಲ. ವ್ಯವಹಾರದ ಪತ್ರದಲ್ಲಿ 'ನಾಟ್ ಯೆಟ್ ಪ್ಯಾಕ್ಡ್' ಅಂತ ಬಿಡಿಸಿ ಬರೆಯುವುದೇ ವಾಸಿ.

ಡಿಸ್ ಕೂಡ ಕ್ರಿಯಾಪದದ ಗೆಳೆಯ. ಡಿಸ್‌ಕನೆಕ್ಟ್, ಡಿಸಗ್ರೀ, ಡಿಸಪಿಯರ್. ಮಿಸ್ ಅಂದರೆ ತಪ್ಪಾಗಿ. ಇವೆರಡರ ನಡುವಿನ ದೂರ ನೋಡಬೇಕಾದರೆ ಶರಾವತಿ ಕಣಿವೆಗೇ ಹೋಗಬೇಕು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಊರು ಬಿಟ್ಟು ಎದ್ದವರು ಡಿಸ್‌ಪ್ಲೇಸ್ಡ್. ಆಮೇಲೆ ಜಮೀನಿನ ಹಕ್ಕಿಗಾಗಿ ಅಲೆಯುವಾಗ 'ನಿಮ್ಮ ಕಡತ ಸಿಗುತ್ತಿಲ್ಲ' ಅಂದರೆ ಅದು ಮಿಸ್‌ಪ್ಲೇಸ್ಡ್. ಜನರನ್ನು ಮಿಸ್‌ಪ್ಲೇಸ್ಡ್ ಅಂತ ಬರೆದುಬಿಟ್ಟರೆ ಎಲ್ಲೋ ಇಟ್ಟು ಮರೆತ ಹಾಗಾಗುತ್ತದೆ. ಅದೂ ಪೂರ್ತಿ ಸುಳ್ಳಲ್ಲ ಅನ್ನಿ.

ಒಂದೇ ಪದ, ಎರಡು ತಲೆ

ಕೆಲವು ಪದಗಳಿಗೆ ಎರಡೂ ಹೊಂದುತ್ತವೆ, ಅರ್ಥ ಮಾತ್ರ ಬೇರೆಯಾಗುತ್ತದೆ. ಅಡಿಕೆ ಸುಲಿಯುವ ಹೆಂಗಸರು ಅನ್‌ಆರ್ಗನೈಸ್ಡ್ ವಲಯದವರು. ಇಂಥ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಬಂದ 2008ರ ಕಾಯ್ದೆಯ ಹೆಸರಿನಲ್ಲೂ ಇದ್ದದ್ದು ಅದೇ ಪದ. ಸಂಘಟಿತ ಉದ್ಯೋಗದ ರಕ್ಷಣೆ ಇಲ್ಲದವರು ಅಂತ ಅರ್ಥ. ಡಿಸ್‌ಆರ್ಗನೈಸ್ಡ್ ಅಂದರೆ ಅಸ್ತವ್ಯಸ್ತ. ಸುಗ್ಗಿಯಲ್ಲಿ ಬೆಳಿಗ್ಗೆ ಮನೆಕೆಲಸ ಮುಗಿಸಿ ಚಪ್ಪರದಡಿ ಕತ್ತಿ ಮುಂದೆ ಕೂತು, ಎಷ್ಟು ಡಬ್ಬ ಸುಲಿದೆ ಅಂತ ಲೆಕ್ಕ ತಪ್ಪದೆ ಹೇಳುವವರನ್ನು ಹಾಗೆ ಕರೆಯುವ ಧೈರ್ಯ ನನಗಂತೂ ಇಲ್ಲ.

ಅಣ್ಣತಮ್ಮಂದಿರ ಪಾಲು ಮಾಡಲು ಬರುವ ಹಿರಿಯರು ಡಿಸ್‌ಇಂಟರೆಸ್ಟೆಡ್ ಆಗಿರಬೇಕು. ಅಂದರೆ ತೋಟದಲ್ಲಿ ಅವರಿಗೆ ಸ್ವಂತ ಲಾಭ ಇರಬಾರದು. ಅನ್‌ಇಂಟರೆಸ್ಟೆಡ್ ಆಗಿದ್ದರೆ ಎಲೆಯಡಿಕೆ ಕವಳ ಹಾಕಿಕೊಂಡು ಗೋಡೆಗೊರಗಿ ತೂಕಡಿಸುತ್ತಾರೆ.

ನಾನ್ ಬರೀ ಹಣೆಪಟ್ಟಿ, ಅದರಲ್ಲಿ ಬೈಗುಳ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಬಗ್ಗೆ ಓದುವಾಗ 'ನಾನ್‌ಹ್ಯೂಮನ್ ಪ್ರೈಮೇಟ್' ಅಂತ ಸಿಗುತ್ತದೆ. ಮನುಷ್ಯರಲ್ಲದ ವಾನರ ಜಾತಿ, ಅಷ್ಟೇ. ಇನ್‌ಹ್ಯೂಮನ್ ಅಂದರೆ ಕ್ರೂರ. ಅದನ್ನು ಸಾಮಾನ್ಯವಾಗಿ ಹೇಳುವುದು ಮನುಷ್ಯರಿಗೇ.

ಕೊನೆಗೆ ಸ್ಪೆಲ್ಲಿಂಗ್

ಗುಣವಾಚಕ ನಾಮಪದವಾದಾಗ ಕೆಲವು ಕಡೆ ತಲೆ ಬದಲಾಗುತ್ತದೆ. ಅನೇಬಲ್‌ನಿಂದ ಇನೆಬಿಲಿಟಿ, ಅನ್‌ಈಕ್ವಲ್‌ನಿಂದ ಇನ್‌ಈಕ್ವಾಲಿಟಿ, ಅನ್‌ಜಸ್ಟ್‌ನಿಂದ ಇನ್‌ಜಸ್ಟಿಸ್, ಅನ್‌ಸ್ಟೇಬಲ್‌ನಿಂದ ಇನ್‌ಸ್ಟೆಬಿಲಿಟಿ. ಈ ನಾಲ್ಕನ್ನು ಮಾತ್ರ ಬಾಯಿಪಾಠ ಮಾಡಿಬಿಡಿ, ಬೇರೆ ದಾರಿಯಿಲ್ಲ.

ಅಕ್ಷರ ಒಂದೋ ಎರಡೋ ಎಂಬ ಅನುಮಾನ ಬಂದರೆ ಪದವನ್ನು ಮತ್ತೆ ಎರಡು ಮಾಡಿ. ತಲೆಯ ಕೊನೆಯಲ್ಲಿ ಒಂದು, ಮೂಲ ಪದದ ಶುರುವಿನಲ್ಲಿ ಒಂದು ಇದ್ದರೆ ಎರಡೂ ಉಳಿಯುತ್ತವೆ. ಅನ್‌ನೆಸೆಸರಿಗೆ ಎನ್ ಎರಡು, ಇಮ್ಮೆಚೂರ್‌ಗೆ ಎಂ ಎರಡು, ಡಿಸ್‌ಸ್ಯಾಟಿಸ್ಫೈಡ್‌ನಲ್ಲಿ ತಲೆ ಕೂಡುವ ಕಡೆ ಎಸ್ ಎರಡು. ಡಿಸಪಿಯರ್‌ನಲ್ಲಿ ಮೂಲ ಪದ ಅಪಿಯರ್, ಅದು ಶುರುವಾಗುವುದು ಎ ಇಂದ. ಹಾಗಾಗಿ ಅಲ್ಲಿ ಎಸ್ ಒಂದೇ, ಪಿ ಎರಡು. ಡಿಸಪಾಯಿಂಟ್‌ಗೂ ಅಷ್ಟೇ.