ಸ್ಟೀಲ್ ಶಾಫ್ಟಾ, ಅಲ್ಯೂಮಿನಿಯಂ ಶಾಫ್ಟಾ? ಲೆಕ್ಕ ಹಾಕಿ ಆರಿಸಿ

2005ರಿಂದ 2014ರವರೆಗಿನ ಫೋರ್ಡ್ ಮಸ್ಟಾಂಗ್ ಜಿಟಿ ಇಟ್ಟುಕೊಂಡವರು ಎಂಜಿನ್ ಪವರ್ ಏರಿಸಿದ ಮೇಲೆ ಕೈ ಹಾಕುವುದು ಡ್ರೈವ್‌ಶಾಫ್ಟ್‌ಗೆ. ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ಪೈಪು, ನಮ್ಮ ಗ್ಯಾರೇಜ್‌ಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಅಂತಾರಲ್ಲ, ಅದೇ. ಈ ಕಾರಿಗೆ ಕಂಪನಿ ಹಾಕಿರುವುದು ಎರಡು ತುಂಡಿನ ಸ್ಟೀಲ್ ಶಾಫ್ಟ್, ನಡುವೆ ಒಂದು ಬೇರಿಂಗ್. ಅದನ್ನು ತೆಗೆದು ಒಂದೇ ತುಂಡಿನ ಅಲ್ಯೂಮಿನಿಯಂ ಹಾಕಿದರೆ ತೂಕ ಇಳಿಯುವುದು ನಿಜ. ಆದರೆ ಲೋಹದ ಮಾತು ಆಮೇಲೆ.

ಮೊದಲು ಶಾಫ್ಟ್ ಎಷ್ಟು ಜೋರಾಗಿ ತಿರುಗುತ್ತದೆ ಅಂತ ಲೆಕ್ಕ ಹಾಕಿ. ಎಂಜಿನ್ ಆರ್‌ಪಿಎಂ ನೋಡಿ ಮೋಸ ಹೋಗಬೇಡಿ, ಓವರ್‌ಡ್ರೈವ್ ಗೇರಿನಲ್ಲಿ, ಅಂದರೆ ಹೆದ್ದಾರಿ ಓಟದ ಮೇಲಿನ ಗೇರಿನಲ್ಲಿ, ಶಾಫ್ಟ್ ಎಂಜಿನ್‌ಗಿಂತ ಜಾಸ್ತಿ ತಿರುಗುತ್ತದೆ. ಚಕ್ರದ ಕಡೆಯಿಂದ ಶುರು ಮಾಡಿ. 27 ಇಂಚಿನ ಟೈರ್ ಒಂದು ಸುತ್ತಿಗೆ ಸುಮಾರು 2.15 ಮೀಟರ್ ಓಡುತ್ತದೆ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ 1,550ರಷ್ಟು ಸುತ್ತು. ಆಕ್ಸಲ್ ಗೇರ್ 3.73 ಇದ್ದರೆ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ 3.73 ಸುತ್ತು ಹಾಕಿದರೆ, ಶಾಫ್ಟ್ 5,800ರ ಹತ್ತಿರ ತಿರುಗುತ್ತಿರುತ್ತದೆ. 250 ಕಿ.ಮೀ.ಗೆ 7,200!

ಪ್ರತಿ ಶಾಫ್ಟ್‌ಗೂ ಕ್ರಿಟಿಕಲ್ ಸ್ಪೀಡ್ ಅಂತ ಒಂದು ಮಿತಿ ಇದೆ. ಅಲ್ಲಿಗೆ ತಲುಪಿದರೆ ಪೈಪು ಸ್ಕಿಪ್ಪಿಂಗ್ ಹಗ್ಗದ ಹಾಗೆ ನಡುವೆ ಬಾಗಿ ಬೀಸತೊಡಗುತ್ತದೆ, ಆಮೇಲೆ ಮುರಿಯಲೂಬಹುದು. ಉದ್ದ ಎರಡು ಪಟ್ಟಾದರೆ ಈ ಮಿತಿ ಕಾಲು ಭಾಗಕ್ಕೆ ಇಳಿಯುತ್ತದೆ. ಕಂಪನಿ ಎರಡು ತುಂಡು ಮಾಡಿದ್ದು ಸುಮ್ನೆ ಅಲ್ಲ, ಗೊತ್ತಾಯ್ತಲ್ಲ.

‘ಅಲ್ಯೂಮಿನಿಯಂ ಜಾಸ್ತಿ ಆರ್‌ಪಿಎಂ ತಡೆಯುತ್ತೆ’ ಅಂತ ಮಾರುವವರು ಹೇಳುತ್ತಾರೆ. ಇದು ಅರ್ಧ ಸತ್ಯ. ಅಲ್ಯೂಮಿನಿಯಂ ತೂಕ ಸ್ಟೀಲ್‌ನ ಮೂರನೇ ಒಂದು ಭಾಗ, ಬಿಗಿತವೂ ಹೆಚ್ಚುಕಡಿಮೆ ಮೂರನೇ ಒಂದು ಭಾಗವೇ. ಹಾಗಾಗಿ ಒಂದೇ ಉದ್ದ, ಒಂದೇ ವ್ಯಾಸದ ಎರಡು ಪೈಪುಗಳ ಮಿತಿ ಬಹುತೇಕ ಸಮ. ಲಾಭ ಬರುವುದು ವ್ಯಾಸದಲ್ಲಿ: 4 ಇಂಚಿನ ಅಲ್ಯೂಮಿನಿಯಂ ಪೈಪು 3 ಇಂಚಿನ ಸ್ಟೀಲ್ ಪೈಪಿಗಿಂತ ಹಗುರವಾಗಿಯೇ ಇರಬಹುದು, ಮಿತಿ ಮಾತ್ರ ಮೇಲೆ. ಅದಕ್ಕೇ ಶಾಫ್ಟ್ ಕೊಳ್ಳುವಾಗ ಲೋಹದ ಜೊತೆ ವ್ಯಾಸ, ಉದ್ದ, ಕ್ರಿಟಿಕಲ್ ಸ್ಪೀಡ್ ಮೂರನ್ನೂ ಕೇಳಿ. ಅಂಕಿ ಕೊಡದವರ ಹತ್ತಿರ ಕೊಳ್ಳಬೇಡಿ.

ಹಗುರ ಶಾಫ್ಟ್ ಹಾಕಿದರೆ ಎಚ್‌ಪಿ ಏರುತ್ತೆ ಅನ್ನುವುದನ್ನು ನಂಬಬೇಡಿ. ಎಂಜಿನ್ ಅಷ್ಟೇ ಬಲ ಕೊಡುತ್ತದೆ, ವೇಗ ಏರುವಾಗ ಮಾತ್ರ ಸ್ವಲ್ಪ ಚುರುಕು. ಶಾಫ್ಟಿನ ತೂಕ ತಿರುಗುವ ನಡುಗೆರೆಗೆ ಹತ್ತಿರದಲ್ಲೇ ಇರುವುದರಿಂದ ಆ ವ್ಯತ್ಯಾಸವೂ ಚಿಕ್ಕದು. ಇದೇ ಆಸೆಯಾದರೆ ಹಗುರ ಚಕ್ರಗಳಿಗೆ ದುಡ್ಡು ಹಾಕಿ.

ಈಗ ಬಳಕೆ ನೋಡಿ. ದಿನಾ ಓಡಿಸುವ ಕಾರು, ಆಗಾಗ ಟ್ರ್ಯಾಕ್, ಮಿತವಾದ ಪವರ್: ಅಲ್ಯೂಮಿನಿಯಂ ಸಾಕು. ಡ್ರ್ಯಾಗ್ ಸ್ಟ್ರಿಪ್‌ನಲ್ಲಿ (ನೇರ ಓಟದ ರೇಸ್ ಟ್ರ್ಯಾಕ್) ಗೆರೆಗಳಿಲ್ಲದ ಸ್ಲಿಕ್ ಟೈರ್ ಹಾಕಿ, ಮ್ಯಾನ್ಯುವಲ್ ಗೇರಿನಲ್ಲಿ ಕ್ಲಚ್ ಫಟ್ ಅಂತ ಬಿಡುವವರಾದರೆ ನಾನು ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಗಟ್ಟಿ) ಸ್ಟೀಲ್ ಕಡೆಗೇ ಕೈ ತೋರಿಸುತ್ತೇನೆ. ಅಲ್ಯೂಮಿನಿಯಂ ಮೇಲೆ ಕಲ್ಲು ಬಡಿದ ತಗ್ಗು, ಆಳವಾದ ಗೀರು ಕಂಡರೆ ಅಲಕ್ಷ್ಯ ಮಾಡಬೇಡಿ, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರಲ್ಲಿರುವವರು ಸ್ಟೀಲ್ ಯು-ಜಾಯಿಂಟ್ (ಶಾಫ್ಟ್ ತುದಿಯ ಬಾಗುವ ಕೀಲು) ಅಲ್ಯೂಮಿನಿಯಂಗೆ ಸೇರುವ ಜಾಗವನ್ನು ಆಗಾಗ ನೋಡಬೇಕು, ಎರಡು ಲೋಹ ಸೇರಿದ ಕಡೆ ತುಕ್ಕು ಬೇಗ.

ಅಳತೆ ತೆಗೆಯುವಾಗ ಕಾರಿನ ಭಾರ ಚಕ್ರಗಳ ಮೇಲೇ ಇರಲಿ. ಜಾಕ್ ಕೊಟ್ಟು ಆಕ್ಸಲ್ ಜೋತುಬಿದ್ದರೆ ಉದ್ದವೂ ತಪ್ಪು, ಕೋನವೂ ತಪ್ಪು. 4 ಇಂಚಿನ ಪೈಪು ಟನಲ್‌ಗಾಗಲಿ (ಶಾಫ್ಟ್ ಹಾಯುವ ಕಾರಿನ ತಳದ ಸುರಂಗ) ಎಕ್ಸಾಸ್ಟ್‌ಗಾಗಲಿ ತಾಗುತ್ತಾ ನೋಡಿ. ಒಂದೇ ತುಂಡಿಗೆ ಬದಲಾಯಿಸಿದ ಮೇಲೆ ಪಿನಿಯನ್ ಕೋನ (ಹಿಂದಿನ ಆಕ್ಸಲ್‌ನ ಗೇರ್ ಶಾಫ್ಟಿಗೆ ಸೇರುವ ಕೋನ) ಸರಿಮಾಡದಿದ್ದರೆ ನಡುಕ ಬರಬಹುದು, ಬೈಗುಳ ಮಾತ್ರ ಪಾಪ ಶಾಫ್ಟಿಗೆ.

ಯಾವ ಲೋಹವಾದರೂ ಮುಂದಿನ ಯು-ಜಾಯಿಂಟ್ ಹತ್ತಿರ ಸೇಫ್ಟಿ ಲೂಪ್, ಅಂದರೆ ಕಳಚಿದ ಶಾಫ್ಟ್ ಕೆಳಗೆ ಬೀಳದಂತೆ ಹಿಡಿಯುವ ಬಳೆ, ಹಾಕಿಸಿ. ಶಾಫ್ಟಿನ ಮುಂದಿನ ತುದಿ ಕಳಚಿ ರಸ್ತೆಗೆ ಚುಚ್ಚಿಕೊಂಡರೆ ಕಾರಿನ ಹಿಂಭಾಗವೇ ಮೇಲೆದ್ದೀತು. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ವೇಗದ ಕಾರುಗಳಿಗೆ ಈ ಲೂಪ್ ಕಡ್ಡಾಯ ಮಾಡಿದೆ. ಹಳೆಯ ಬೋಲ್ಟ್‌ಗಳನ್ನು ಮತ್ತೆ ಬಳಸಬೇಡಿ, ಹೊಸವನ್ನು ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ.